ರೈಲಿನಲ್ಲಿ ಐದು ಅಕ್ಷರ, ಕುಕ್ಕರ್ ಕೂಗುವಷ್ಟರಲ್ಲಿ ಎರಡು

ಗುಬ್ಬಿ ತಾಲ್ಲೂಕಿನ ನಮ್ಮೂರಿನಲ್ಲಿ ಅರಳಿಕಟ್ಟೆ ಪಕ್ಕ ಒಂದು ಕಲ್ಲಿದೆ. ಎದೆಯೆತ್ತರ ಇದೆ. ಚಿಕ್ಕವರಿದ್ದಾಗ ಅದಕ್ಕೆ ಸೈಕಲ್ ಒರಗಿಸುತ್ತಿದ್ದೆವು, ಟವೆಲ್ ಒಣಹಾಕುತ್ತಿದ್ದೆವು, ಕಣ್ಣಾಮುಚ್ಚಾಲೆ ಆಡುವಾಗ ಅದರ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದೆವು. ಅದರ ಮೇಲೆ ಅಕ್ಷರ ಇದೆ ಅಂತ ನನಗೆ ಗೊತ್ತಾಗಿದ್ದು ನಲವತ್ತೊಂದನೇ ವಯಸ್ಸಿನಲ್ಲಿ.

ಯಾರದೋ ತಿಥಿ ಊಟ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ. ಬಸ್ಸು ಬರಲಿಲ್ಲ, ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಸಂಜೆ ಬಿಸಿಲು ಓರೆಯಾಗಿ ಕಲ್ಲಿನ ಮೇಲೆ ಬಿದ್ದಿತ್ತು. ನೋಡಿದರೆ ಗೀರು ಗೀರಾಗಿ ಸಾಲು. ಒಂದು 'ರ' ಸಿಕ್ಕಿತು. ಆಮೇಲೆ ಒಂದು 'ಗ'. ಅಷ್ಟರಲ್ಲಿ ಬಸ್ಸು ಬಂತು, ನಾನು ಹತ್ತಿದೆ. ಆದರೆ ಆ ಎರಡು ಅಕ್ಷರ ಜೊತೆಗೇ ಹತ್ತಿಕೊಂಡು ಬಂದವು.

ಈಗ ಮೂರು ವರ್ಷ ಆಗಿದೆ. ಹೊಯ್ಸಳರ ಕಾಲದ ಶಾಸನ ಎದುರಿಗಿಟ್ಟರೆ ತಡವರಿಸಿ, ತಪ್ಪು ಮಾಡಿ, ಅರ್ಧಕ್ಕರ್ಧ ಓದುತ್ತೇನೆ. ನಾನು ವಿದ್ವಾಂಸಳಲ್ಲ. ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಲೆಕ್ಕಪತ್ರ ಬರೆದು ವಾಪಸ್ ಬರುವವಳು. ಮನೆಯಲ್ಲಿ ಇಬ್ಬರು ಮಕ್ಕಳು, ಅತ್ತೆ, ಶುಗರ್ ಇರುವ ಗಂಡ. "ನಿಂಗೆ ಇದಕ್ಕೆಲ್ಲ ಟೈಮ್ ಎಲ್ಲಿಂದ ಬರುತ್ತೆ?" ಅಂತ ಕೇಳುವವರಿಗೆ ಪ್ರತಿ ಸಲ ಬೇರೆ ಬೇರೆ ಉತ್ತರ ಕೊಟ್ಟು ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಉದಾಹರಣೆ ಪೂರ್ತಿ ಕಲ್ಲಿನದ್ದೇ. ನಿಮ್ಮದು ಹಕ್ಕಿ ಇರಬಹುದು, ಹಾರ್ಮೋನಿಯಂ ಇರಬಹುದು, ಉರ್ದು ಇರಬಹುದು. ದಾರಿ ಹೆಚ್ಚು ಕಡಿಮೆ ಇದೇ.

ಮೊದಲು: ಪ್ರಶ್ನೆಯನ್ನು ಕತ್ತರಿಸಿ ಚಿಕ್ಕದು ಮಾಡಿ

"ಇತಿಹಾಸ ಕಲಿಯಬೇಕು" ಅಂದುಕೊಂಡರೆ ಯಾವತ್ತೂ ಶುರುವಾಗುವುದಿಲ್ಲ. "ಹಳಗನ್ನಡ ಕಲಿಯಬೇಕು" ಅಂದರೂ ಅಷ್ಟೇ. "ಈ ಕಲ್ಲಿನ ಮೊದಲ ಸಾಲಿನಲ್ಲಿ ಏನು ಬರೆದಿದೆ?" ಇದು ಪ್ರಶ್ನೆ. ಉತ್ತರ ಸಿಕ್ಕಿದ ದಿನ ಸಿಕ್ಕಿತು ಅಂತ ನಿಮಗೇ ಗೊತ್ತಾಗಬೇಕು, ಅಷ್ಟು ಚಿಕ್ಕದಿರಬೇಕು.

ಇದಕ್ಕೂ ಮೊದಲು ನಾನು ಎರಡು ಸಾವಿರ ಚಿಲ್ಲರೆ ಕಟ್ಟಿ ಆನ್‌ಲೈನ್ ಕೋರ್ಸ್ ಒಂದಕ್ಕೆ ಸೇರಿದ್ದೆ. ಆಫೀಸಿನಲ್ಲಿ ಎಲ್ಲರೂ ಸೇರುತ್ತಿದ್ದರು ಅಂತ. ಮೂರು ವಿಡಿಯೋ ನೋಡಿದೆ, ಮುಗೀತು. ಕೋರ್ಸ್ ಕೆಟ್ಟದ್ದೇನಲ್ಲ. ನನಗೆ ಇಲ್ಲದ ಪ್ರಶ್ನೆಗಳಿಗೆ ಅದು ಬಹಳ ಚೆನ್ನಾಗಿ ಉತ್ತರ ಹೇಳುತ್ತಿತ್ತು. ನಿಮ್ಮ ಮೊಬೈಲಿನಲ್ಲೂ ಅಂಥದ್ದೊಂದು ಇರಬೇಕು, ಅಲ್ವಾ?

ಹಾಗಾಗಿ ಒಂದು ಜೇಬು ಪುಸ್ತಕ ಇಟ್ಟುಕೊಳ್ಳಿ, ಹತ್ತು ರೂಪಾಯಿಯದ್ದು ಸಾಕು. ತಲೆಗೆ ಬಂದ ಪ್ರಶ್ನೆ ಬರೆದಿಡಿ. ಅವತ್ತೇ ಬರೆಯಬೇಕು. ನಾಳೆಗೆ ಅದು ಇರುವುದಿಲ್ಲ, ಇದ್ದರೂ ಅದರ ಕಾವು ಇರುವುದಿಲ್ಲ. ನನ್ನ ಪುಸ್ತಕದ ಮೊದಲ ಪುಟದಲ್ಲಿ ಹೀಗೆ ಇದೆ: 'ಕಲ್ಲಿನ ಮೊದಲ ಸಾಲು? ಮೇಲೆ ಸೂರ್ಯ ಚಂದ್ರ ಯಾಕೆ? ಬೇಳೆ ಎಷ್ಟಾಯ್ತು? ಬೆಂಗಳೂರು ನಿಜವಾಗಿ ಬೆಂದಕಾಳೂರಾ?' ಬೇಳೆ ಪ್ರಶ್ನೆ ಬೇರೆ ಲೆಕ್ಕ. ಕೊನೆಯದಕ್ಕೆ ಮಾತ್ರ ಒಂದೇ ವಾರದಲ್ಲಿ ಉತ್ತರ ಸಿಕ್ಕಿತು. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ರ ಗಂಗರ ಕಾಲದ ಶಾಸನ ಇದೆ, ಅದರಲ್ಲಿ ಬೆಂಗಳೂರಿನ ಕಾಳಗದಲ್ಲಿ ಸತ್ತವನ ವಿಷಯ ಬರುತ್ತದೆ. ಬೆಂದ ಕಾಳಿನ ಕಥೆಯಲ್ಲಿ ಬರುವ ವೀರಬಲ್ಲಾಳ ಅದಾದ ಸುಮಾರು ಮುನ್ನೂರು ವರ್ಷದ ನಂತರದವನು. ಅವನಿಗೆ ಅಜ್ಜಿ ಕಾಳು ಬೇಯಿಸಿ ಕೊಟ್ಟಿರಬಹುದು, ಆದರೆ ಊರಿಗೆ ಹೆಸರು ಅದಕ್ಕೂ ಮೊದಲೇ ಇತ್ತು. ಈ ಒಂದು ಉತ್ತರ ಕೊಟ್ಟ ಖುಷಿಯಲ್ಲಿ ನಾನು ಮುಂದಿನ ಎರಡು ತಿಂಗಳು ಓಡಿದೆ.

ಆಮೇಲೆ: ಒಂದು ವಾರದ ಲೆಕ್ಕ ಬರೆಯಿರಿ

ನಾನು ಲೆಕ್ಕದವಳು, ಆದ್ದರಿಂದ ಇದು ನನಗೆ ಸುಲಭ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಪುಟ ಹರಿದು ಅದರ ಹಿಂದೆ ಬರೆದೆ. ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವ ತನಕ, ಅರ್ಧ ಅರ್ಧ ಗಂಟೆ, ಏಳು ದಿನ. ಸುಳ್ಳು ಬರೆಯಬೇಡಿ, ಯಾರಿಗೂ ತೋರಿಸುವುದಿಲ್ಲವಲ್ಲ. ನನ್ನ ಲೆಕ್ಕದಲ್ಲಿ ರಾತ್ರಿ ಹಾಸಿಗೆ ಮೇಲೆ ಫೋನ್ ನೋಡುವುದೇ ದಿನಕ್ಕೆ ಐವತ್ತು ನಿಮಿಷ ಬಂತು. ಅದನ್ನು ನಿಲ್ಲಿಸಿ ಓದುತ್ತೇನೆ ಅಂತ ಹೊರಟೆ. ಆಗಲಿಲ್ಲ. ಆ ಹೊತ್ತಿಗೆ ನನ್ನ ತಲೆಯಲ್ಲಿ ಏನೂ ಉಳಿದಿರುವುದಿಲ್ಲ, ಫೋನ್ ನೋಡುವುದಕ್ಕೆ ಮಾತ್ರ ಲಾಯಕ್ಕು. ಬೆಳಗ್ಗೆ ನಾಲ್ಕೂವರೆಗೆ ಏಳುವುದನ್ನೂ ಮಾಡಿ ನೋಡಿದೆ. ನಾಲ್ಕು ದಿನ ನಡೆಯಿತು, ಐದನೇ ದಿನ ಆಫೀಸಿನಲ್ಲಿ ಒಂದು ವೋಚರ್ ಎರಡು ಸಲ ಹಾಕಿದೆ. ಬೇಗ ಏಳಿ ಅಂತ ಹೇಳುವವರ ಮನೆಯಲ್ಲಿ ತಿಂಡಿ ಯಾರು ಮಾಡುತ್ತಾರೋ ಗೊತ್ತಿಲ್ಲ.

ಲೆಕ್ಕದಿಂದ ಸಿಕ್ಕ ನಿಜವಾದ ಲಾಭ ಬೇರೆಯೇ. ನನ್ನ ಹತ್ತಿರ ಖಾಲಿ ಗಂಟೆ ಒಂದೂ ಇಲ್ಲ, ಆದರೆ ಚೂರು ಚೂರು ಸಮಯ ಬೇಕಾದಷ್ಟಿದೆ ಅಂತ ಕಂಡಿತು. ಆ ಚೂರುಗಳೂ ಎಲ್ಲಾ ಒಂದೇ ಥರ ಇರುವುದಿಲ್ಲ.

ಚೂರಿಗೆ ತಕ್ಕ ಕೆಲಸ

ಇದು ಮುಖ್ಯವಾದ ಮಾತು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ರೈಲಿನಲ್ಲಿ ಸೀಟು ಸಿಕ್ಕ ಹೊತ್ತು ಒಂದು ಥರ. ಎರಡೂ ಕೈ ಖಾಲಿ, ತಲೆ ಇನ್ನೂ ತಾಜಾ. ಆಗ ಹೊಸದನ್ನು ಕಲಿಯಬೇಕು. ಕ್ಯಾತ್ಸಂದ್ರ ದಾಟಿದ ಮೇಲೆ ಪುಸ್ತಕ ತೆಗೆದರೆ ದೊಡ್ಡಬೆಲೆ ಬರುವ ತನಕ ನನ್ನದೇ ರಾಜ್ಯ. ಐದು ಹೊಸ ಅಕ್ಷರ, ಜಾಸ್ತಿ ಇಲ್ಲ. ಸೋಲದೇವನಹಳ್ಳಿಯಿಂದ ಮುಂದೆ ಜನ ತುಂಬುತ್ತಾರೆ, ಯಾರದ್ದೋ ಬ್ಯಾಗು ತೊಡೆ ಮೇಲೆ ಬರುತ್ತದೆ, ಪುಸ್ತಕ ಮುಚ್ಚುವುದೇ.

ನಿಂತುಕೊಂಡು ಹೋಗುವ ಹೊತ್ತು ಇನ್ನೊಂದು ಥರ. ಒಂದು ಕೈ ಕಂಬಿ ಹಿಡಿದಿರುತ್ತದೆ. ಆಗ ಹೊಸದು ತಲೆಗೆ ಇಳಿಯುವುದಿಲ್ಲ, ಹಳೆಯದನ್ನು ಮೆಲುಕು ಹಾಕಬಹುದು. ನಿನ್ನೆ ಕಲಿತ ಐದನ್ನು ಕಣ್ಣು ಮುಚ್ಚಿ ಅಂಗೈ ಮೇಲೆ ಹೆಬ್ಬೆರಳಿನಿಂದ ಬರೆದು ನೋಡುತ್ತೇನೆ. ಪಕ್ಕದವರು ಜಪ ಮಾಡುತ್ತಿದ್ದಾಳೆ ಅಂದುಕೊಂಡು ಜಾಗ ಬಿಡುತ್ತಾರೆ, ಅದೊಂದು ಅನುಕೂಲ.

ಮೂರನೆಯದು ಅಡುಗೆಮನೆ ಹೊತ್ತು. ಕುಕ್ಕರ್ ಮೂರು ಕೂಗು ಕೂಗಬೇಕು, ಅಷ್ಟರಲ್ಲಿ ಒಗ್ಗರಣೆಗೆ ಹೆಚ್ಚಿಕೊಳ್ಳಬೇಕು. ಕಣ್ಣೂ ಕೈಯೂ ಬಿಡುವಿಲ್ಲ, ಬಾಯಿ ಕಿವಿ ಮಾತ್ರ ಖಾಲಿ. ಆಗ ಒಂದೆರಡು ಪದಗಳನ್ನು ಸುಮ್ನೆ ಬಾಯಲ್ಲಿ ಆಡಿಸುತ್ತೇನೆ. ಹಳೆಯ ಕನ್ನಡದ ಎಷ್ಟೋ ಪದಗಳ ಮೊದಲಿನ 'ಪ' ಈಗ 'ಹ' ಆಗಿದೆ. ಪಾಲ್ ಅಂದರೆ ಹಾಲು, ಪುಲಿ ಅಂದರೆ ಹುಲಿ, ಪಂದಿ ಅಂದರೆ ಹಂದಿ, ಪಳ್ಳಿ ಅಂದರೆ ಹಳ್ಳಿ. ಹಾಲು ಉಕ್ಕುವಾಗ "ಪಾಲ್ ಪಾಲ್" ಅಂತ ನಾನು ಕೂಗಿದ್ದು ಕೇಳಿ ಮಗ "ಅಮ್ಮ ತಮಿಳು ಕಲಿತಿದ್ದಾಳೆ" ಅಂತ ಅವರಪ್ಪನಿಗೆ ಹೇಳಿದ. ತಮಿಳಿನಲ್ಲಿ ಅದು ಪಾಲಾಗಿಯೇ ಉಳಿಯಿತು, ನಮ್ಮಲ್ಲಿ ಹಾಲಾಯಿತು. ಇಂಥ ಒಂದು ಸೂತ್ರ ಸಿಕ್ಕರೆ ಹತ್ತು ಪದ ಪುಕ್ಕಟೆ ಬರುತ್ತದೆ. ನೀವು ಏನೇ ಕಲಿಯುತ್ತಿದ್ದರೂ ಅದರೊಳಗೆ ಇಂಥ ಸೂತ್ರ ಇರುತ್ತದೆ, ಅಡುಗೆಮನೆ ಹೊತ್ತಿಗೆ ಅವನ್ನು ಎತ್ತಿಟ್ಟುಕೊಳ್ಳಿ.

ನಾಲ್ಕನೆಯದೂ ಒಂದಿದೆ, ಭಾನುವಾರ ಮಧ್ಯಾಹ್ನ ಎಲ್ಲರೂ ಮಲಗಿದ ಮೇಲಿನ ಒಂದು ಗಂಟೆ. ಇದನ್ನು ಓದುವುದಕ್ಕೆ ಖರ್ಚು ಮಾಡಬೇಡಿ. ಮುಂದಿನ ವಾರಕ್ಕೆ ಬೇಕಾದದ್ದು ಹೊಂದಿಸಿಡಿ. ಯಾವ ಪುಟ, ಯಾವ ಐದು ಅಕ್ಷರ, ಫೋನಿನಲ್ಲಿ ಯಾವ ಫೋಟೋ. ರೈಲು ಹತ್ತಿದ ಮೇಲೆ "ಇವತ್ತು ಏನು ಓದಲಿ" ಅಂತ ಯೋಚನೆ ಮಾಡಲು ಕೂತರೆ ಅಲ್ಲಿಗೇ ಚಿಕ್ಕಬಾಣಾವರ ಬಂದಿರುತ್ತದೆ.

ಲಗ್ನಪತ್ರಿಕೆಯ ಚೀಟಿಗಳು

ಕಲಿತದ್ದು ಮರೆಯುತ್ತದೆ. ವಯಸ್ಸಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಜರ್ಮನಿಯ ಎಬ್ಬಿಂಗ್‌ಹಾಸ್ ಅನ್ನುವವರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯಿತು ಅಂತ ಅಳೆದು 1885ರಲ್ಲಿ ಪುಸ್ತಕ ಬರೆದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜೋರು, ಆಮೇಲೆ ನಿಧಾನ. ಹಾಗಾಗಿ ಒಂದೇ ದಿನ ಹತ್ತು ಸಲ ಓದುವುದಕ್ಕಿಂತ ಬಿಟ್ಟು ಬಿಟ್ಟು ನಾಲ್ಕು ಸಲ ನೋಡುವುದು ಲಾಭ.

ನಾನು ಮಾಡುವುದು ಇಷ್ಟು. ಮನೆಗೆ ಬರುವ ಲಗ್ನಪತ್ರಿಕೆಗಳ ಹಿಂದುಗಡೆ ಗಟ್ಟಿಯಾಗಿ ಖಾಲಿಯಾಗಿ ಇರುತ್ತದಲ್ಲ, ಅದನ್ನು ಬೆಂಕಿಪೆಟ್ಟಿಗೆ ಅಳತೆಗೆ ಕತ್ತರಿಸುತ್ತೇನೆ. ಒಂದು ಕಡೆ ಶಾಸನದ ಅಕ್ಷರ, ಇನ್ನೊಂದು ಕಡೆ ಇವತ್ತಿನ ಅಕ್ಷರ. ಮೂರು ಕವರ್. ಹೊಸ ಚೀಟಿ ಮೊದಲ ಕವರಿಗೆ, ಅದನ್ನು ದಿನಾ ನೋಡುವುದು. ಸರಿ ಹೇಳಿದರೆ ಎರಡನೆಯದಕ್ಕೆ ಹೋಗುತ್ತದೆ, ಅದನ್ನು ಮೂರು ದಿನಕ್ಕೊಮ್ಮೆ. ಅಲ್ಲೂ ಸರಿಯಾದರೆ ಮೂರನೆಯದಕ್ಕೆ, ಅದು ಹತ್ತು ದಿನಕ್ಕೊಮ್ಮೆ. ಎಲ್ಲೇ ತಪ್ಪಿದರೂ ವಾಪಸ್ ಮೊದಲ ಕವರಿಗೆ, ದಾಕ್ಷಿಣ್ಯ ಇಲ್ಲ. ಇದು ನನ್ನ ಕಂಡುಹಿಡಿತವಲ್ಲ, ಲೈಟ್ನರ್ ಅನ್ನುವ ಜರ್ಮನ್ ಪತ್ರಕರ್ತ 1970ರ ದಶಕದಲ್ಲಿ ಹೇಳಿಕೊಟ್ಟ ಪೆಟ್ಟಿಗೆಯ ಉಪಾಯ. ಮೊಬೈಲಿನಲ್ಲಿ ಇದಕ್ಕೆ ಆ್ಯಪ್‌ಗಳಿವೆ. ಆದರೆ ಆ್ಯಪ್ ತೆರೆಯಲು ಫೋನ್ ತೆಗೆದರೆ ನನಗೆ ವಾಟ್ಸಾಪ್ ಕಾಣುತ್ತದೆ, ಅಲ್ಲಿಗೆ ಕಥೆ ಮುಗಿಯಿತು.

ನನ್ನ ಮೊದಲ ಕವರಿನಲ್ಲಿ 'ಮ' ಮತ್ತು 'ವ' ಆರು ತಿಂಗಳು ಕೂತಿದ್ದವು. ಹಳೆಯ ಲಿಪಿಯಲ್ಲಿ ಅವೆರಡೂ ಅಕ್ಕತಂಗಿಯರ ಹಾಗೆ. ಇನ್ನು ಈಗ ಇಲ್ಲದ ಎರಡು ಅಕ್ಷರ, ಱ ಮತ್ತು ೞ, ಅವು ಬೇಗ ನೆನಪಿನಲ್ಲಿ ಉಳಿದವು, ಅಪರೂಪದ ನೆಂಟರು ಅಂತಲೋ ಏನೋ.

ಎಲ್ಲಿಂದ ಓದುವುದು

ಸರಕು ಹುಡುಕುವುದರಲ್ಲೇ ವರ್ಷ ಕಳೆಯುವವರಿದ್ದಾರೆ. ಒಂದು ಮೂಲ, ಒಂದು ನಿಘಂಟು, ಶುರುಮಾಡಲು ಇಷ್ಟೇ ಸಾಕು.

ನನ್ನ ಮೂಲ 'ಎಪಿಗ್ರಾಫಿಯಾ ಕರ್ನಾಟಿಕಾ'. ಬಿ. ಎಲ್. ರೈಸ್ ಹಳೆಯ ಮೈಸೂರು ಸೀಮೆಯ ಊರೂರಿನ ಶಾಸನಗಳನ್ನು, ಸುಮಾರು 9,000, ಹನ್ನೆರಡು ಸಂಪುಟಗಳಲ್ಲಿ ತಂದರು. ನಮ್ಮ ತುಮಕೂರು ಜಿಲ್ಲೆಯದ್ದು ಹನ್ನೆರಡನೆಯದು, 1904ರದ್ದು. ಹಳೆಯ ಸಂಪುಟಗಳ ಸ್ಕ್ಯಾನ್ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ತಾಲ್ಲೂಕುವಾರು ನಂಬರ್ ಹಾಕಿ, ಶಾಸನದ ಪಾಠವನ್ನು ಈಗಿನ ಕನ್ನಡ ಅಕ್ಷರದಲ್ಲೇ ಕೊಟ್ಟು, ಇಂಗ್ಲಿಷ್ ಅನುವಾದವನ್ನೂ ಕೊಟ್ಟಿದ್ದಾರೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗೈಡ್ ಇಲ್ಲ. ಕಲ್ಲಿನ ಫೋಟೋ ನೋಡಿ ಮೊದಲು ನೀವೇ ಓದಿ, ಆಮೇಲೆ ಪುಸ್ತಕ ನೋಡಿ ತಾಳೆ ಹಾಕಿ. ಉತ್ತರ ಮೊದಲೇ ನೋಡಿಬಿಟ್ಟರೆ ಓದಿದ ಹಾಗೆ ಅನ್ನಿಸುತ್ತದೆ, ಮಾರನೇ ದಿನ ಕೇಳಿದರೆ ಒಂದಕ್ಷರವೂ ಬರುವುದಿಲ್ಲ.

ನಿಘಂಟಿಗೆ ಕಿಟ್ಟೆಲ್ ಇದ್ದಾರೆ. 1894ರದ್ದು, ಇವತ್ತಿಗೂ ನಡೆಯುತ್ತದೆ. ಪರಿಷತ್ತಿನ ಎಂಟು ಸಂಪುಟದ ನಿಘಂಟು ಇನ್ನೂ ಆಳ, ಆದರೆ ಅದು ಲೈಬ್ರರಿಯಲ್ಲಿ ಕೂತು ನೋಡುವಂಥದ್ದು. ಅದರ ಕೆಲಸದಲ್ಲಿದ್ದ ಜಿ. ವೆಂಕಟಸುಬ್ಬಯ್ಯನವರು 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಈ ಪದ ಎಲ್ಲಿಂದ ಬಂತು ಅಂತ ಓದುಗರು ಕೇಳುತ್ತಿದ್ದ ಪ್ರಶ್ನೆಗಳಿಗೆ ಪತ್ರಿಕೆಯಲ್ಲಿ ವರ್ಷಗಟ್ಟಲೆ ಉತ್ತರ ಬರೆದವರು. ನಲವತ್ತಕ್ಕೇ "ಇನ್ನು ನನ್ನ ಕೈಲಿ ಎಲ್ಲಾಗುತ್ತೆ" ಅನ್ನಿಸಿದಾಗ ನಾನು ಆ 107ನ್ನು ನೆನೆಸಿಕೊಳ್ಳುತ್ತೇನೆ.

ಇಸವಿ ಲೆಕ್ಕ ಮಾತ್ರ ಇಲ್ಲೇ ಹೇಳಿಬಿಡುತ್ತೇನೆ, ಸುಲಭ ಇದೆ. ಶಾಸನದಲ್ಲಿ ಶಕವರ್ಷ ಇದ್ದರೆ 78 ಕೂಡಿಸಿ. ಶಕ 1072 ಅಂದರೆ 1150. ತಿಂಗಳ ಮೇಲೆ ಒಂದು ವರ್ಷ ಆಚೀಚೆ ಆಗಬಹುದು.

ಎದ್ದು ಹೋಗಿ ನೋಡಿ (ಆದರೆ ಹೇಳಿ ಹೋಗಿ)

ತಿಂಗಳಿಗೊಂದು ಸಲವಾದರೂ ಪುಸ್ತಕ ಬಿಟ್ಟು ವಸ್ತುವಿನ ಹತ್ತಿರ ಹೋಗಬೇಕು. ಹಕ್ಕಿಯವರು ಕೆರೆಗೆ, ಸಂಗೀತದವರು ಕಚೇರಿಗೆ, ನಾನು ಕಲ್ಲಿಗೆ.

ಕಲ್ಲು ಓದುವ ಉಪಾಯ ಟಾರ್ಚಿನಲ್ಲಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಷರ ಕಾಣುವುದೇ ಇಲ್ಲ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮುಖಕ್ಕೆ ಹಿಡಿಯದೆ, ಅದರ ಅಂಚಿಗೆ ತಾಗಿಸಿದ ಹಾಗೆ ಪಕ್ಕದಿಂದ ಹಿಡಿಯಿರಿ. ಬೆಳಕು ಕಲ್ಲಿನ ಮೇಲೆ ಸವರಿಕೊಂಡು ಹೋಗುತ್ತದೆ, ಕೊರೆದ ಗೀರಿನೊಳಗೆ ನೆರಳು ತುಂಬುತ್ತದೆ, ಅದುವರೆಗೆ ಬರೀ ಬಂಡೆಯಂತಿದ್ದದ್ದು ಅಕ್ಷರ ಅಕ್ಷರವಾಗಿ ಎದ್ದು ಬರುತ್ತದೆ. ಎಡದಿಂದ ಒಂದು ಫೋಟೋ, ಬಲದಿಂದ ಒಂದು, ಮೇಲಿನಿಂದ ಒಂದು. ಒಂದು ಫೋಟೋದಲ್ಲಿ ಮುಚ್ಚಿದ ಗೆರೆ ಇನ್ನೊಂದರಲ್ಲಿ ತೆರೆಯುತ್ತದೆ. ಫೋನ್ ಅಲುಗಾಡಬಾರದು, ಟಾರ್ಚ್ ಮಾತ್ರ ಸುತ್ತಬೇಕು, ಆದ್ದರಿಂದ ಇಬ್ಬರು ಬೇಕು. ಸೀಮೆಸುಣ್ಣ ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ, ತಂತಿ ಬ್ರಷ್ ಹತ್ತಿರಕ್ಕೂ ತರಬೇಡಿ. ಎಂಟುನೂರು ವರ್ಷ ತಡೆದ ಕಲ್ಲು ನಮ್ಮ ಉತ್ಸಾಹ ತಡೆಯುವುದಿಲ್ಲ.

ನಾನು ಮಾಡಿದ ತಪ್ಪು ಇಲ್ಲಿದೆ. ಮೊದಲ ಸಲ ತಮ್ಮನನ್ನು ಕರೆದುಕೊಂಡು ರಾತ್ರಿ ಎಂಟೂವರೆಗೆ ಟಾರ್ಚ್ ಹಿಡಿದು ಆ ಕಲ್ಲಿನ ಮುಂದೆ ಕೂತೆ. ಯಾರಿಗೂ ಹೇಳಿರಲಿಲ್ಲ. ಹತ್ತು ನಿಮಿಷದಲ್ಲಿ ಏಳೆಂಟು ಜನ ಸುತ್ತ ನಿಂತಿದ್ದರು, ಒಬ್ಬರ ಕೈಯಲ್ಲಿ ದೊಣ್ಣೆ. "ಯಾರ್ರೀ ಅದು? ನಿಧಿ ತೆಗೀತಿದೀರಾ?" ನಮ್ಮ ಕಡೆ ಹಳೆಯ ಕಲ್ಲು ಅಂದರೆ ಕೆಳಗೆ ನಿಧಿ ಅನ್ನುವ ನಂಬಿಕೆ, ಅದನ್ನು ನಂಬಿ ರಾತ್ರೋರಾತ್ರಿ ಅಗೆಯುವವರೂ ಇದ್ದಾರೆ. ಜನರದ್ದೇನೂ ತಪ್ಪಿಲ್ಲ. ಅಪ್ಪನ ಹೆಸರು ಹೇಳಿದೆ. ಒಬ್ಬ ಅಜ್ಜ ಟಾರ್ಚನ್ನು ನನ್ನ ಮುಖಕ್ಕೇ ತಿರುಗಿಸಿ ನೋಡಿ, "ಓ, ನಮ್ ಮೇಷ್ಟ್ರು ಮಗಳಲ್ವಾ ನೀನು. ಹಗಲೊತ್ತು ಬಂದು ನೋಡೋಕೇನವ್ವಾ?" ಅಂದರು. ಹಗಲು ಕಾಣುವುದಿಲ್ಲ ಅಜ್ಜ ಅಂದೆ. ಯಾರೂ ನಂಬಲಿಲ್ಲ. ಟಾರ್ಚ್ ಓರೆ ಮಾಡಿ ತೋರಿಸಿದೆ, ಆಗ ದೊಣ್ಣೆ ಹಿಡಿದವರೇ ಬಗ್ಗಿ ಕೂತು, "ಇದು 'ಸ್ವ' ಅಲ್ವಾ?" ಅಂದರು. 'ಸ್ವ'ನೇ. ಸ್ವಸ್ತಿ ಶ್ರೀ. ಎಷ್ಟೋ ಶಾಸನಗಳು ಹಾಗೇ ಶುರುವಾಗುತ್ತವೆ.

ಅವತ್ತು ರಾತ್ರಿ ಆ ಏಳೆಂಟು ಜನ ಹೇಳಿದ್ದು ಯಾವ ಪುಸ್ತಕದಲ್ಲೂ ಇರಲಿಲ್ಲ. ಕೆರೆ ಏರಿಯ ಮೇಲೆ ಇಂಥದ್ದೇ ಇನ್ನೊಂದಿದೆ, ಅದನ್ನು ಬಟ್ಟೆ ಒಗೆಯಲು ಹಾಕಿದ್ದಾರೆ. ಹಳೇ ಗುಡಿಯ ಮೆಟ್ಟಿಲಿನಲ್ಲಿ ಒಂದು ತಲೆಕೆಳಗಾಗಿದೆ. ಆದ್ದರಿಂದ ಮುಂಚೆಯೇ ಹೇಳಿ ಹೋಗಿ, ಪೂಜೆ ಮಾಡುವ ಕಲ್ಲಾದರೆ ಕೇಳಿ, ಚಪ್ಪಲಿ ಬಿಟ್ಟು ಮುಟ್ಟಿ. ಕೇಳುವಾಗ 'ಶಾಸನ' ಅನ್ನಬೇಡಿ, 'ಅಕ್ಷರ ಇರೋ ಕಲ್ಲು' ಅನ್ನಿ.

ಬಿಟ್ಟು ಹೋದ ದಿನಗಳು

ಬಿಟ್ಟು ಹೋಗುತ್ತದೆ. ಮಕ್ಕಳ ಪರೀಕ್ಷೆ, ಮಾರ್ಚ್ ತಿಂಗಳ ಲೆಕ್ಕ, ಅತ್ತೆಯ ಕಣ್ಣಿನ ಆಪರೇಷನ್. ಒಂದು ಸಲ ಎರಡೂವರೆ ತಿಂಗಳು ಮುಟ್ಟಲಿಲ್ಲ. ವಾಪಸ್ ಬಂದಾಗ ಬಿಟ್ಟದ್ದನ್ನೆಲ್ಲ ತುಂಬಿಸಲು ಹೋಗಬೇಡಿ. ಚೀಟಿ ತೆಗೆದು ಬಾರದ್ದನ್ನು ಮೊದಲ ಕವರಿಗೆ ಹಾಕಿ, ಐದು ಅಕ್ಷರ ಓದಿ, ಅಷ್ಟೇ.

ಕೊನೆಗೆ: ಯಾರಿಗಾದರೂ ಹೇಳಿ

ತಿಳಿದವರಿಗೆ ಬೇಡ, ಏನೂ ಗೊತ್ತಿಲ್ಲದವರಿಗೆ ಹೇಳಿ. ನನಗೆ ಅತ್ತೆ ಇದ್ದಾರೆ. ಸೊಪ್ಪು ಬಿಡಿಸುತ್ತಾ ಕೇಳುತ್ತಾರೆ, ಅರ್ಥವಾಗದಿದ್ದರೆ ಮುಲಾಜಿಲ್ಲದೆ "ಬಿಡ್ಸಿ ಹೇಳು" ಅನ್ನುತ್ತಾರೆ. ಬಿಡಿಸಲು ಹೋದಾಗಲೇ ನನಗೆ ಎಲ್ಲಿ ಗೊತ್ತಿಲ್ಲ ಅಂತ ಗೊತ್ತಾಗುವುದು.

ಹೋದ ತಿಂಗಳು ನಮ್ಮೂರ ಕಲ್ಲಿನ ವಿಷಯ ಅವರಿಗೆ ಹೇಳಿದೆ. ಅದು ವೀರಗಲ್ಲು ಅತ್ತೆ, ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗೆ ಅವನು ಬಿಲ್ಲು ಹಿಡಿದು ಕಾದುತ್ತಿದ್ದಾನೆ, ಹಿಂದೆ ದನಗಳಿವೆ. ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಶಿವಲಿಂಗದ ಮುಂದೆ ಕೂತಿದ್ದಾನೆ, ಅದರ ಮೇಲೆ ಸೂರ್ಯ ಚಂದ್ರ, ಅವು ಇರುವ ತನಕ ಇವನ ಹೆಸರೂ ಇರಲಿ ಅಂತ. ಆದರೆ ಹೆಸರಿನ ಮೊದಲ ಅಕ್ಷರವೇ ಸವೆದಿದೆ, ಮಾಚಯ್ಯನೋ ಬಾಚಯ್ಯನೋ ಹೇಳಲಾಗುವುದಿಲ್ಲ. ರೈಸ್ ಸಂಪುಟದಲ್ಲಿ ಹುಡುಕಿದೆ, ಈ ಕಲ್ಲು ಸಿಗಲಿಲ್ಲ. ನಾಲ್ಕನೇ ಸಾಲಿನಲ್ಲಿ 'ತುಱು' ಅಂತ ಸ್ಪಷ್ಟವಾಗಿದೆ. ತುಱು ಅಂದರೆ ದನ. ಬೇರೆಯವರು ಊರ ದನ ಹೊಡೆದುಕೊಂಡು ಹೋದಾಗ ಅಡ್ಡ ನಿಂತು ಸತ್ತವನು.

ಅತ್ತೆ ಸೊಪ್ಪು ಬಿಡಿಸುವುದು ನಿಲ್ಲಿಸಿದರು.

"ಅದ್ಸರಿ, ದನ ವಾಪಸ್ ಬಂದ್ವಾ?"

ಮೂರು ವರ್ಷದಲ್ಲಿ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಇಂಥ ಕಲ್ಲುಗಳಲ್ಲಿ ಅದನ್ನೂ ಬರೆದಿರುತ್ತಾರೆ. 'ತುಱುವಂ ಮಗುಳ್ಚಿ' ಅಂತ ಇದ್ದರೆ ದನ ಬಿಡಿಸಿ ತಂದ ಅಂತ ಅರ್ಥ. ಫೋಟೋ ದೊಡ್ಡದು ಮಾಡಿ ನೋಡಿದೆ. 'ತುಱು' ಆದ ಮೇಲೆ ಸಾಲು ಕೆಳಗಿಳಿಯುತ್ತದೆ, ಐದನೇ ಸಾಲಿನ ಅಕ್ಷರಗಳ ತಲೆ ಮಾತ್ರ ಕಾಣುತ್ತದೆ. ಉಳಿದದ್ದು ಅರಳಿಕಟ್ಟೆಗೆ ಹಾಕಿದ ಸಿಮೆಂಟಿನ ಕೆಳಗಿದೆ. ಜೇಬು ಪುಸ್ತಕ ತೆಗೆದು ಅತ್ತೆಯ ಪ್ರಶ್ನೆಯನ್ನು ಹಾಗೇ ಬರೆದುಕೊಂಡಿದ್ದೇನೆ. ಯುಗಾದಿಗೆ ಊರಿಗೆ ಹೋದಾಗ ಮೊದಲು ಆ ದೊಣ್ಣೆಯವರನ್ನು ಹುಡುಕಬೇಕು. ಆ ಸಿಮೆಂಟ್ ಹಾಕಿಸಿದ್ದು ಅವರೇ ಅಂತೆ.